ಹಣ್ಣುನೊಣದ ಮುಪ್ಪು ಮತ್ತು ಸಂತಾನ: ಹಾರ್ಮೋನುಗಳ ಕೈವಾಡ

(ಮಾವು ಬೆಳೆಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳಿಗ್ಗೆ ತೋಟ ಸುತ್ತುವಾಗ ನಿಮ್ಮಲ್ಲಿ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. "ಅಲ್ಲಾ ಸ್ವಾಮಿ, ಕೊಯ್ಲು ಮುಗಿದ ಮೇಲೆ ಈ ಮರಗಳಲ್ಲಿ ಒಂದು ಕಾಯೂ ಇರೋದಿಲ್ಲ. ತಿಂಗಳುಗಟ್ಟಲೆ ತೋಟ ಬರಿದು. ಆದರೂ ಮುಂದಿನ ಸಲ ಕಾಯಿ ಬಲಿಯೋ ಹೊತ್ತಿಗೆ ನೊಣ ಸರಿಯಾಗಿ ಹಾಜರು. ಅಷ್ಟು ದಿನ ಅದು ಹೇಗೆ ಬದುಕಿರುತ್ತೆ? ಅದಕ್ಕೆ ಮುಪ್ಪು, ಸಾವು ಇಲ್ಲವೇ?" ಎಂದರು.

ಈ ಪ್ರಶ್ನೆ ನನಗೆ ಬಹಳ ಹಿಡಿಸಿತು. ಯಾವ ಔಷಧಿ, ಎಷ್ಟು ಮಿಲಿ ಎಂದು ಕೇಳುವವರೇ ಹೆಚ್ಚು. ಶತ್ರುವಿನ ಆಯುಷ್ಯವನ್ನು ವಿಚಾರಿಸುವವರು ಅಪರೂಪ. ಆದ್ದರಿಂದ ಇವತ್ತಿನ ನನ್ನ ಮಾತನ್ನು ಆ ಪ್ರಶ್ನೆಗೆ ಉತ್ತರವಾಗಿಯೇ ಹೇಳುತ್ತೇನೆ. ಹಣ್ಣುನೊಣ ಯಾವಾಗ ಮೊಟ್ಟೆ ಇಡಬೇಕು, ಯಾವಾಗ ಕಾಯಬೇಕು, ಎಷ್ಟು ಬೇಗ ಮುದಿಯಾಗಬೇಕು ಎಂಬುದನ್ನು ಅದರ ಮೈಯೊಳಗಿನ ಕೆಲವು ಹಾರ್ಮೋನುಗಳು ಬಹುಮಟ್ಟಿಗೆ ನಿರ್ಧರಿಸುತ್ತವೆ. ಅದನ್ನು ಅರಿತುಕೊಂಡರೆ ನಾವು ಯಾವ ವಾರ ಏನು ಮಾಡಬೇಕು ಎಂಬುದೂ ತಿಳಿಯುತ್ತದೆ.

ಎರಡು ಬಗೆಯ ನೊಣಗಳು

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳೋಣ. ಮನೆಯಲ್ಲಿ ಬಾಳೆಹಣ್ಣು ಕಳಿತು ಕಪ್ಪಾದಾಗ ಅದರ ಮೇಲೆ ನೊರಜಿನಂತೆ ಮುತ್ತುವ ಸಣ್ಣ, ಕೆಂಗಣ್ಣಿನ ನೊಣವಿದೆಯಲ್ಲ, ಅದರ ಹೆಸರು ಡ್ರೊಸೊಫಿಲಾ. ಅದು ಕೊಳೆತ ಹಣ್ಣಿನ ನೊಣ. ಮಾವಿನ ಬೆಳೆಗೆ ಅದರಿಂದ ತೊಂದರೆಯಿಲ್ಲ. ಗಟ್ಟಿ ಕಾಯಿಯ ಸಿಪ್ಪೆಗೆ ಸೂಜಿಯಂಥ ಅಂಗ ಚುಚ್ಚಿ ಒಳಗೆ ಮೊಟ್ಟೆ ಇಡುವುದು ಬೇರೆ ನೊಣ. ಗಾತ್ರದಲ್ಲಿ ಹೆಚ್ಚುಕಡಿಮೆ ಮನೆನೊಣದಷ್ಟು, ಬೆನ್ನಿನ ಮೇಲೆ ಹಳದಿ ಪಟ್ಟೆ. ಇದೇ ಮಾವಿನ ಹಣ್ಣುನೊಣ. ಶಾಸ್ತ್ರದ ಹೆಸರು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್.

ಹಾಗಾದರೆ ಡ್ರೊಸೊಫಿಲಾದ ಮಾತೇಕೆ? ಕೀಟಗಳ ಮುಪ್ಪಿನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಆ ಸಣ್ಣ ನೊಣದಿಂದ ಕಲಿತದ್ದು. ಸುಮಾರು ಹತ್ತು ದಿನಕ್ಕೆ ಅದರ ಒಂದು ತಲೆಮಾರು ತಯಾರು. ಎರಡು ಮೂರು ತಿಂಗಳಿಗೆ ಅದರ ಬಾಳು ಮುಗಿಯುತ್ತದೆ. ಒಂದು ಬಾಟಲಿಯಲ್ಲಿ ನೂರಾರು ಸಾಕಬಹುದು. ಹಸುವಿನ ಮುಪ್ಪನ್ನು ಅಭ್ಯಾಸ ಮಾಡಲು ಇಪ್ಪತ್ತು ವರ್ಷ ಬೇಕು. ಇದಕ್ಕೆ ಒಂದು ಬೇಸಿಗೆ ಸಾಕು. ಎರಡು ನೊಣಗಳೂ ದೂರದ ಬಂಧುಗಳು, ಹಾರ್ಮೋನುಗಳ ಮೂಲ ಏರ್ಪಾಡು ಎರಡರಲ್ಲೂ ಒಂದೇ ಬಗೆಯದು.

ರೇಷ್ಮೆ ಹುಳುವಿನಿಂದ ಪಾಠ

ಹಾರ್ಮೋನು ಎಂದರೆ ಮೈಯ ಒಂದು ಮೂಲೆಯ ಗ್ರಂಥಿಯಲ್ಲಿ ಹುಟ್ಟಿ, ರಕ್ತದಲ್ಲಿ ಹರಿದು, ಇನ್ನೊಂದು ಮೂಲೆಯ ಅಂಗಕ್ಕೆ "ಈಗ ಕೆಲಸ ಶುರು ಮಾಡು" ಅಥವಾ "ನಿಲ್ಲಿಸು" ಎಂದು ಹೇಳುವ ರಸದೂತ. ಬಹಳ ಸ್ವಲ್ಪ ಸಾಕು. 1954ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್‌ಸನ್ ಎಂಬ ವಿಜ್ಞಾನಿಗಳು ಕೀಟದ ಹಾರ್ಮೋನೊಂದನ್ನು ಮೊದಲ ಬಾರಿಗೆ ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಅದಕ್ಕಾಗಿ ಅವರು ಬಳಸಿದ್ದು 500 ಕಿಲೋಗ್ರಾಂ ರೇಷ್ಮೆ ಹುಳುವಿನ ಕೋಶ; ದೊರೆತದ್ದು ಕೇವಲ 25 ಮಿಲಿಗ್ರಾಂ. ಅದೇ ಎಕ್ಡೈಸೋನ್, ಅಂದರೆ ಪೊರೆ ಕಳಚಿಸುವ ಹಾರ್ಮೋನು.

ನಿಮ್ಮಲ್ಲಿ ರೇಷ್ಮೆ ಸಾಕುವವರಿಗೆ ಇದರ ಕೆಲಸ ಗೊತ್ತೇ ಇದೆ. ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ ಜ್ವರಕ್ಕೆ ಕೂರುವುದು ಈ ರಸದ ಅಪ್ಪಣೆಯಿಂದ. ಆದರೆ ನಾಲ್ಕು ಜ್ವರದಲ್ಲೂ ಹುಳು ಹುಳುವಾಗಿಯೇ ಏಳುತ್ತದೆ. ಐದನೆಯ ಹಂತದ ಕೊನೆಗೆ ಮಾತ್ರ ಹಣ್ಣಾಗಿ ಚಂದ್ರಿಕೆ ಹತ್ತುತ್ತದೆ. ಯಾಕೆ? ಅಲ್ಲಿಯವರೆಗೆ ಅದರ ರಕ್ತದಲ್ಲಿ ಇನ್ನೊಂದು ಹಾರ್ಮೋನು ಇರುತ್ತದೆ. ಅದು "ನೀನಿನ್ನೂ ಎಳೆಯ ಹುಳು, ಬೆಳೆಯುತ್ತಿರು" ಎನ್ನುತ್ತಿರುತ್ತದೆ. ಇದಕ್ಕೆ ಬಾಲ್ಯ ಹಾರ್ಮೋನು ಎಂದು ಹೆಸರು. ಮಿದುಳಿನ ಹಿಂದೆ ಇರುವ, ಕಣ್ಣಿಗೆ ಕಾಣದಷ್ಟು ಚಿಕ್ಕ ಗ್ರಂಥಿ ಇದನ್ನು ಸುರಿಸುತ್ತದೆ. ಬಾಲ್ಯ ಹಾರ್ಮೋನು ಬತ್ತಿದ ಮೇಲೆಯೇ ಹುಳು ಗೂಡು ಕಟ್ಟುವುದು.

ಈಗ ಸ್ವಾರಸ್ಯವಾದ ಸಂಗತಿ. ಕೋಶದಿಂದ ರೆಕ್ಕೆ ಬಂದ ಕೀಟ ಹೊರಬಂದ ಮೇಲೆ ಅದೇ ಗ್ರಂಥಿ ಮತ್ತೆ ಎಚ್ಚರವಾಗುತ್ತದೆ. ಆದರೆ ಈಗ ಅದರ ಕೆಲಸ ಬೇರೆ. ಇಂಗ್ಲೆಂಡಿನ ವಿಗಲ್ಸ್‌ವರ್ತ್ ಎಂಬುವರು 1930ರ ದಶಕದಲ್ಲಿ ರಕ್ತ ಹೀರುವ ಒಂದು ತಿಗಣೆಯ ಮೇಲೆ ಪ್ರಯೋಗ ಮಾಡಿ, ಈ ಗ್ರಂಥಿಯಿಲ್ಲದ ಹೆಣ್ಣಿನಲ್ಲಿ ಮೊಟ್ಟೆ ಬಲಿಯುವುದೇ ಇಲ್ಲವೆಂದು ತೋರಿಸಿದರು. ಎಳೆತನದಲ್ಲಿ "ಬೆಳೆ" ಎನ್ನುವ ಹಾರ್ಮೋನೇ ಪ್ರಾಯದಲ್ಲಿ "ಹೆರು" ಎನ್ನುತ್ತದೆ.

ಊಟದಿಂದ ಮೊಟ್ಟೆಯವರೆಗೆ

ಹಣ್ಣುನೊಣ ಮಣ್ಣಿನೊಳಗಿನ ಕೋಶದಿಂದ ಹೊರಬಂದ ದಿನ ಅದರ ಹೊಟ್ಟೆಯಲ್ಲಿ ಬಲಿತ ಮೊಟ್ಟೆ ಇರುವುದಿಲ್ಲ. ಹಾರಾಡಲು ಸಕ್ಕರೆ ಅಂಶ ಸಾಕು. ಹೂವಿನ ರಸ, ಜಿಗಿಹುಳು ಮತ್ತು ಹೇನುಗಳು ಸುರಿಸಿದ ಅಂಟು ಎಲ್ಲೆಲ್ಲೂ ಸಿಗುತ್ತದೆ. ಆದರೆ ಮೊಟ್ಟೆ ಕಟ್ಟಲು ಪ್ರೋಟೀನು ಬೇಕೇ ಬೇಕು. ಅದಕ್ಕಾಗಿ ಹೆಣ್ಣು ನೊಣ ಹಕ್ಕಿಯ ಹಿಕ್ಕೆ, ಎಲೆಯ ಮೇಲಿನ ಸೂಕ್ಷ್ಮಜೀವಿಗಳು, ಕೊಳೆತು ಹುಳಿ ಬಂದ ಹಣ್ಣು ಇವುಗಳನ್ನು ಹುಡುಕಿಕೊಂಡು ಅಲೆಯುತ್ತದೆ.

ಪ್ರೋಟೀನು ಹೊಟ್ಟೆ ಸೇರಿದ ಮೇಲೆ ಏನಾಗುತ್ತದೆ ಎಂಬುದನ್ನು ಡ್ರೊಸೊಫಿಲಾದಲ್ಲಿ ಹೆಜ್ಜೆ ಹೆಜ್ಜೆಯಾಗಿ ಕಂಡುಕೊಂಡಿದ್ದಾರೆ. ನೊಣದ ಕೊಬ್ಬಿನ ಅಂಗ ಊಟದ ಸುದ್ದಿಯನ್ನು ಮಿದುಳಿಗೆ ಕಳಿಸುತ್ತದೆ. ಮಿದುಳಿನಲ್ಲಿ ಸುಮಾರು 14 ಜೀವಕೋಶಗಳ ಒಂದು ಪುಟ್ಟ ಗುಂಪು ಇದೆ. ಅದು ನಮ್ಮ ಇನ್ಸುಲಿನ್ನಿನಂಥದೇ ರಸವನ್ನು ಬಿಡುತ್ತದೆ. ಹೌದು, ಸಕ್ಕರೆ ಕಾಯಿಲೆಯವರು ಚುಚ್ಚಿಸಿಕೊಳ್ಳುವ ಇನ್ಸುಲಿನ್ನಿನ ಸೋದರ ಸಂಬಂಧಿಯೇ. ಇನ್ಸುಲಿನ್ ಏರಿದಾಗ ಬಾಲ್ಯ ಹಾರ್ಮೋನಿನ ಗ್ರಂಥಿ ಕೆಲಸ ಶುರು ಮಾಡುತ್ತದೆ. ಬಾಲ್ಯ ಹಾರ್ಮೋನು ಮತ್ತು ಎಕ್ಡೈಸೋನ್ ಎರಡೂ ಸೇರಿ ಮೊಟ್ಟೆಯೊಳಗೆ ಹಳದಿ ತುಂಬಿಸುತ್ತವೆ. ಮೊಟ್ಟೆ ಬಲಿಯುತ್ತದೆ.

ಗಂಡಿನ ಪಾಲೂ ಇದೆ. ಡ್ರೊಸೊಫಿಲಾದ ಗಂಡು ಕೂಡುವಾಗ ವೀರ್ಯದ ಜೊತೆಗೆ 36 ಅಮೈನೋ ಆಮ್ಲಗಳ ಒಂದು ಸಣ್ಣ ಪ್ರೋಟೀನನ್ನೂ ಹೆಣ್ಣಿಗೆ ಕೊಡುತ್ತದೆ. 1988ರಲ್ಲಿ ಇದನ್ನು ಗುರುತಿಸಿದರು. ಇದು ಹೆಣ್ಣಿನ ಬಾಲ್ಯ ಹಾರ್ಮೋನನ್ನು ಹೆಚ್ಚಿಸಿ ಮೊಟ್ಟೆ ಇಡುವುದನ್ನು ಚುರುಕುಗೊಳಿಸುತ್ತದೆ. ಮತ್ತೊಂದು ಗಂಡಿನ ಬಳಿ ಹೋಗದಂತೆ ಮಾಡುತ್ತದೆ. ಅದೇ ಗಂಡಿನ ರಸ ಹೆಣ್ಣಿನ ಆಯುಷ್ಯವನ್ನು ಕಡಿಮೆ ಮಾಡುತ್ತದೆಂದು 1995ರಲ್ಲಿ ಕಂಡುಬಂತು.

ಮಾವಿನ ಹಣ್ಣುನೊಣಕ್ಕೆ ಈ ತಯಾರಿಯೆಲ್ಲ ಮುಗಿದು ಮೊದಲ ಮೊಟ್ಟೆ ಇಡಲು ಬೇಸಿಗೆಯ ಹವೆಯಲ್ಲಿ ಸುಮಾರು ಒಂದರಿಂದ ಎರಡು ವಾರ ಹಿಡಿಯುತ್ತದೆ. ಈ ಒಂದೆರಡು ವಾರವನ್ನು ನೆನಪಿನಲ್ಲಿಡಿ. ನಮ್ಮ ಹತೋಟಿ ಕ್ರಮದ ತಿರುಳು ಅಲ್ಲಿಯೇ ಇದೆ.

ಮೊಟ್ಟೆಗೆ ತೆರುವ ಬೆಲೆ

ಗೊನೆ ಹಾಕಿದ ಬಾಳೆಗಿಡ ಮತ್ತೆ ಉಳಿಯುವುದಿಲ್ಲ. ಬಿದಿರು ಹೂಬಿಟ್ಟು ಅಕ್ಕಿ ಸುರಿಸಿತೆಂದರೆ ಮೆಳೆಗೆ ಮೆಳೆಯೇ ಒಣಗುತ್ತದೆ. ಒಂದು ವರ್ಷ ಅತಿಯಾಗಿ ಕಾಯಿ ಬಿಟ್ಟ ಮಾವಿನ ಮರ ಮರುವರ್ಷ ಸುಮ್ಮನಿರುತ್ತದೆ. ನೊಣದ ಬಾಳೂ ಇದೇ ಜಾಡಿನದು.

1958ರಲ್ಲಿ ಇಂಗ್ಲೆಂಡಿನ ಮೇನಾರ್ಡ್ ಸ್ಮಿತ್ ಎಂಬುವರು ಡ್ರೊಸೊಫಿಲಾದ ಒಂದು ಜಾತಿಯಲ್ಲಿ, ಹುಟ್ಟಿನಿಂದಲೇ ಅಂಡಾಶಯವಿಲ್ಲದ ಹೆಣ್ಣುಗಳು ಮೊಟ್ಟೆ ಇಡುವ ಹೆಣ್ಣುಗಳಿಗಿಂತ ಹೆಚ್ಚು ಕಾಲ ಬದುಕುತ್ತವೆ ಎಂದು ತೋರಿಸಿದರು. 2001ರಲ್ಲಿ ಅಮೆರಿಕೆಯ ಮಾರ್ಕ್ ಟಾಟಾರ್ ಮತ್ತು ಸಂಗಡಿಗರು ಇನ್ಸುಲಿನ್ನಿನ ಅಪ್ಪಣೆ ಮೈಗೆ ಸರಿಯಾಗಿ ತಲುಪದ ನೊಣಗಳನ್ನು ಪರೀಕ್ಷಿಸಿದರು. ಅವು ಕುಳ್ಳಾಗಿದ್ದವು, ಅವುಗಳಿಗೆ ಸಂತಾನವಿರಲಿಲ್ಲ, ಬಾಲ್ಯ ಹಾರ್ಮೋನೂ ಕಡಿಮೆಯಿತ್ತು. ಆದರೆ ಹೆಣ್ಣುಗಳ ಆಯುಷ್ಯ ಶೇಕಡ 85ರವರೆಗೆ ಹೆಚ್ಚಿತ್ತು! ಅವುಗಳಿಗೆ ಮೆಥೊಪ್ರೀನ್ ಎಂಬ, ಬಾಲ್ಯ ಹಾರ್ಮೋನಿನಂತೆಯೇ ಕೆಲಸ ಮಾಡುವ ವಸ್ತುವನ್ನು ಕೊಟ್ಟಾಗ ಆ ಹೆಚ್ಚಿನ ಆಯುಷ್ಯ ಇಳಿಯಿತು.

ಹಾಗಾದರೆ ಮೊಟ್ಟೆ ಕಟ್ಟುವ ಶ್ರಮದಿಂದಲೇ ನೊಣ ಸವೆದು ಹೋಗುತ್ತದೆಯೇ? ಪೂರ್ತಿ ಹಾಗಲ್ಲ. 2013ರಲ್ಲಿ ಬಾಲ್ಯ ಹಾರ್ಮೋನಿನ ಗ್ರಂಥಿಯನ್ನೇ ಇಲ್ಲವಾಗಿಸಿದ ನೊಣಗಳನ್ನು ಪರೀಕ್ಷಿಸಿದಾಗ ಅವು ಕಡಿಮೆ ಮೊಟ್ಟೆ ಇಟ್ಟು ಹೆಚ್ಚು ಕಾಲ ಬದುಕಿದವು. ಮೊಟ್ಟೆಯನ್ನೇ ಇಡದ ತಳಿಯಲ್ಲಿಯೂ ಆ ಗ್ರಂಥಿ ಇಲ್ಲದವು ಹೆಚ್ಚು ಬಾಳಿದವು. ಎಂದರೆ ಹೆರಿಗೆಯ ಸವೆತ ಒಂದು ಕಡೆ. ಹಾರ್ಮೋನು ತಾನೇ ಮೈಗೆ "ಇನ್ನು ಉಳಿತಾಯ ಬೇಡ, ಖರ್ಚು ಮಾಡು" ಎಂದು ಹೇಳುವುದು ಇನ್ನೊಂದು ಕಡೆ.

ನಿಯಮಕ್ಕೆ ಹೊರತಾದವೂ ಇವೆ. ಎಕ್ಡೈಸೋನಿನ ಮಾತು ಅರ್ಧ ಮಾತ್ರ ಕೇಳಿಸುವ ನೊಣಗಳು ಫಲವತ್ತತೆ ಕುಂದದೆಯೇ ಹೆಚ್ಚು ಕಾಲ ಬದುಕಿದ್ದು 2003ರಲ್ಲಿ ವರದಿಯಾಯಿತು. ಜೇನು ಸಾಕುವವರಿಗೆ ಇದು ಆಶ್ಚರ್ಯವಲ್ಲ: ರಾಣಿ ದಿನಕ್ಕೆ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಟ್ಟೂ ವರ್ಷಗಟ್ಟಲೆ ಬಾಳುತ್ತದೆ, ಕೆಲಸಗಾರ ನೊಣ ಬೇಸಿಗೆಯಲ್ಲಿ ಕೆಲವೇ ವಾರಕ್ಕೆ ಮುಗಿಯುತ್ತದೆ. ಜೇನಿನಲ್ಲಿ ಬಾಲ್ಯ ಹಾರ್ಮೋನು ಮೊಟ್ಟೆಯ ಕೆಲಸ ಬಿಟ್ಟು, ಗೂಡಿನ ಒಳಗೆಲಸದ ನೊಣವನ್ನು ಹೊರಗೆಲಸಕ್ಕೆ ಕಳಿಸುವ ಕೆಲಸ ಹಿಡಿದಿದೆ.

ಕಾಯುವ ನೊಣ

ಈಗ ನಮ್ಮ ಹಿರಿಯರ ಪ್ರಶ್ನೆಗೆ ಬರೋಣ. ಮಾವಿನ ನೊಣದ ಹತ್ತಿರದ ಬಂಧುವೊಂದಿದೆ. ಮೆಡಿಟರೇನಿಯನ್ ಹಣ್ಣುನೊಣ ಎಂದು ಹೆಸರು. ನಮ್ಮ ತೋಟಗಳಲ್ಲಿ ಅದು ನೆಲೆಯೂರಿಲ್ಲ. ಅದರ ಮೇಲೆ ಜೇಮ್ಸ್ ಕೇರಿ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಕೇಳಿ. ಹೆಣ್ಣು ನೊಣಗಳಿಗೆ ಬರೀ ಸಕ್ಕರೆ ಮತ್ತು ನೀರು ಕೊಟ್ಟರು. ಅವು ಮೊಟ್ಟೆ ಇಡಲಿಲ್ಲವೆಂದೇ ಹೇಳಬಹುದು, ಸಾಯುವುದೂ ಕಡಿಮೆಯಾಯಿತು. ಕೆಲವಕ್ಕೆ 30 ದಿನ, ಕೆಲವಕ್ಕೆ 60 ದಿನ, ಕೆಲವಕ್ಕೆ 90 ದಿನ ಕಳೆದ ಮೇಲೆ ಪ್ರೋಟೀನು ಕೊಟ್ಟರು. ಕೊಟ್ಟೊಡನೆ ಉಳಿದಿದ್ದ ನೊಣಗಳು ಮೊಟ್ಟೆ ಇಡಲು ಪ್ರಾರಂಭಿಸಿದವು. ಮೂರು ತಿಂಗಳು ಕಾದ ನೊಣವೂ ತಾಯಾಯಿತು! ಮೊಟ್ಟೆ ಇಡುತ್ತಾ ಹೋದಂತೆ ಸಾವಿನ ವೇಗ ಹೆಚ್ಚಿತು. ಹೀಗೆ ಆ ನೊಣಕ್ಕೆ ಎರಡು ಬಾಳು: ಕಾಯುವ ಬಾಳು, ಹೆರುವ ಬಾಳು. ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಪ್ರೋಟೀನು.

ನಮ್ಮ ಮಾವಿನ ನೊಣದ ಹೆಣ್ಣೂ ಪ್ರೋಟೀನಿಲ್ಲದೆ ಸಕ್ಕರೆಯ ಮೇಲೆ ಜೀವ ಹಿಡಿದಿರಬಲ್ಲದು. ಮೊಟ್ಟೆ ಮಾತ್ರ ಬಲಿಸಲಾರದು. ಜೊತೆಗೆ ಅದಕ್ಕೆ ಮಾವೊಂದೇ ಆಸರೆಯಲ್ಲ. ಮಾವು ಮುಗಿದರೆ ಹಿತ್ತಿಲಿನ ಸೀಬೆ, ಸಪೋಟ, ಪರಂಗಿ ಇವೆ. ಆದ್ದರಿಂದ ಹಿರಿಯರೇ, ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟು: ಕೆಲವು ನೊಣಗಳು ಬೇರೆ ಹಣ್ಣಿನಲ್ಲಿ ಸಂಸಾರ ನಡೆಸಿರುತ್ತವೆ, ಕೆಲವು ಮೊಟ್ಟೆಯ ಖರ್ಚಿಲ್ಲದೆ, ಮುಪ್ಪನ್ನು ಮುಂದೂಡಿಕೊಂಡು ಬೇಲಿಯ ಮರೆಯಲ್ಲಿ ಕಾದಿರುತ್ತವೆ. ತೋಟ ಖಾಲಿಯಾಗಿದೆ ಎಂದು ನಾವು ಕೈಕಟ್ಟಿ ಕೂತರೆ ಅನುಕೂಲ ಅದಕ್ಕೇ.

ಹಾರ್ಮೋನನ್ನೇ ಸಿಂಪಡಿಸಬಹುದೇ?

ಇದನ್ನು ಕೇಳಿದ ಮೇಲೆ ಈ ಯೋಚನೆ ಬರುವುದು ಸಹಜ. ಬಾಲ್ಯ ಹಾರ್ಮೋನನ್ನು ಹೋಲುವ ಕೀಟನಾಶಕಗಳು ಇವೆ. ಮೆಥೊಪ್ರೀನನ್ನು ಸೊಳ್ಳೆಯ ಮರಿಗಳ ಮೇಲೆ, ಪೈರಿಪ್ರಾಕ್ಸಿಫೆನ್ನನ್ನು ಬಿಳಿನೊಣದ ಮೇಲೆ ಬಳಸುತ್ತಾರೆ. ಮರಿ ದೊಡ್ಡದಾಗಬೇಕಾದ ಸಮಯದಲ್ಲಿ ಅವು "ನೀನಿನ್ನೂ ಎಳೆಯದು" ಎಂದು ಸುಳ್ಳು ಹೇಳುತ್ತವೆ. ಕೀಟ ಪ್ರೌಢವಾಗದೆ ಸಾಯುತ್ತದೆ. ಆದರೆ ಹಣ್ಣುನೊಣದ ಮರಿ ಹಣ್ಣಿನ ತಿರುಳಿನಲ್ಲಿ, ಕೋಶ ಮಣ್ಣಿನಲ್ಲಿ ಅಡಗಿರುತ್ತದೆ. ಮೇಲೆ ಸಿಂಪಡಿಸಿದ್ದು ಅದಕ್ಕೆ ತಗಲುವುದು ಕಷ್ಟ. ರೆಕ್ಕೆ ಬಂದ ನೊಣಕ್ಕೆ ತಗಲಿದರೆ ಅದು ಬೇಗ ಪ್ರಾಯಕ್ಕೆ ಬರಲೂಬಹುದು. ವಿದೇಶಗಳಲ್ಲಿ ಬಂಜೆ ಮಾಡಿದ ಗಂಡು ನೊಣಗಳನ್ನು ಹಾರಿಬಿಡುವ ಯೋಜನೆಗಳಿಗಾಗಿ, ಗಂಡುಗಳು ಬೇಗ ಪ್ರಾಯಕ್ಕೆ ಬರಲೆಂದೇ ಮೆಥೊಪ್ರೀನ್ ಕೊಡುವ ಪದ್ಧತಿಯನ್ನು ರೂಪಿಸಿದ್ದಾರೆ.

ಇನ್ನೊಂದು ಎಚ್ಚರಿಕೆಯನ್ನು ದಯವಿಟ್ಟು ಗಮನವಿಟ್ಟು ಕೇಳಿ. ಮಾವು ಮತ್ತು ಹಿಪ್ಪುನೇರಳೆ ಒಂದೇ ಬದುವಿನ ಆಚೀಚೆ ಇರುವ ಊರುಗಳು ನಮ್ಮವು. ಬಾಲ್ಯ ಹಾರ್ಮೋನನ್ನು ಹೋಲುವ ಔಷಧಿ ಗಾಳಿಯಲ್ಲಿ ತೇಲಿ ಸೊಪ್ಪಿನ ಮೇಲೆ ಬಿದ್ದರೆ, ಆ ಸೊಪ್ಪು ತಿಂದ ರೇಷ್ಮೆ ಹುಳು ಚೆನ್ನಾಗಿ ಮೇಯುತ್ತದೆ, ದಪ್ಪಗಾಗುತ್ತದೆ, ಆದರೆ ಹಣ್ಣಾಗುವುದಿಲ್ಲ, ಗೂಡು ಕಟ್ಟುವುದಿಲ್ಲ. ಉತ್ತರ ಇಟಲಿಯ ರೇಷ್ಮೆ ಬೆಳೆಗಾರರು ಹಣ್ಣಿನ ತೋಟಗಳಿಗೆ ಹೊಡೆದ ಫೆನಾಕ್ಸಿಕಾರ್ಬ್ ಎಂಬ ಇಂಥದೇ ಔಷಧಿಯಿಂದ ಈ ನಷ್ಟ ಅನುಭವಿಸಿದರು. ಅಂಗಡಿಯವರು ಹೇಳಿದರೆಂದು ಇಂಥ ಔಷಧಿಯನ್ನು ಸೊಪ್ಪಿನ ತೋಟದ ಹತ್ತಿರ ಬಳಸಬೇಡಿ.

ತೋಟದಲ್ಲಿ ನಾವು ಮಾಡಬೇಕಾದದ್ದು

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ರೈತರ ತೋಟದಲ್ಲಿ ಮೀಥೈಲ್ ಯೂಜಿನಾಲ್ ಬಲೆಗಳನ್ನು ಕಟ್ಟಿಸಿದೆ. ವಾರದೊಳಗೆ ಬಾಟಲಿಗಳ ತುಂಬ ನೊಣ. "ಯಜಮಾನರೇ, ಇನ್ನು ನಿಮ್ಮ ಹಣ್ಣಿಗೆ ಭಯವಿಲ್ಲ" ಎಂದು ಧೈರ್ಯ ಹೇಳಿ ಬಂದೆ. ಕೊಯ್ಲಿನಲ್ಲಿ ಬುಟ್ಟಿಗೆ ಬುಟ್ಟಿ ಹುಳುಕು. ಆ ಯಜಮಾನರು ಒಂದು ಮಾತೂ ಬೈಯಲಿಲ್ಲ. ಕೊಯ್ದ ಹಣ್ಣೊಂದನ್ನು ನನ್ನ ಕೈಗೆ ಕೊಟ್ಟು ಸುಮ್ಮನಾದರು. ಇಂದಿಗೂ ನನಗೆ ಅದು ನೆನಪಿದೆ.

ತಪ್ಪಿದ್ದು ಎಲ್ಲಿ? ಬಿಹಾರದ ಪೂಸಾದಲ್ಲಿದ್ದ ಹೌಲೆಟ್ ಎಂಬ ಕೀಟಶಾಸ್ತ್ರಜ್ಞರು 1912ರಲ್ಲೇ ಸಿಟ್ರೊನೆಲ್ಲಾ ಎಣ್ಣೆಗೆ ಗಂಡು ಹಣ್ಣುನೊಣ ಮುತ್ತುವುದನ್ನು ವರದಿ ಮಾಡಿದ್ದರು. ಮುಂದೆ 1915ರಲ್ಲಿ ಮೀಥೈಲ್ ಯೂಜಿನಾಲಿನ ಆಕರ್ಷಣೆಯನ್ನೂ ತೋರಿಸಿದರು. ಆದರೆ ಅದಕ್ಕೆ ಬರುವುದು ಗಂಡು, ಅದರಲ್ಲೂ ಪ್ರಾಯಕ್ಕೆ ಬಂದ ಗಂಡು. ನಾನು ಬಲೆ ಕಟ್ಟಿದ್ದು ಕಾಯಿ ಬಲಿತ ಮೇಲೆ. ಅಷ್ಟರಲ್ಲಿ ಹೆಣ್ಣುಗಳು ಕೂಡಿ, ಪ್ರೋಟೀನು ತಿಂದು, ಮೊಟ್ಟೆ ತುಂಬಿಕೊಂಡು ಸಿದ್ಧವಾಗಿದ್ದವು. ಅದಲ್ಲದೆ ಪಕ್ಕದ ತೋಟಗಳಲ್ಲಿ ಬಲೆಯೇ ಇರಲಿಲ್ಲ.

ಆದ್ದರಿಂದ ಈ ಕ್ರಮಗಳನ್ನು ಅನುಸರಿಸಿ.

ಮೊದಲನೆಯದು, ಬಲೆಗಳನ್ನು ಕೊಯ್ಲಿಗೆ ಒಂದೂವರೆ ಎರಡು ತಿಂಗಳು ಮುಂಚೆಯೇ ಕಟ್ಟಬೇಕು. ಮದ್ದು ಆರಿದಾಗ ಬದಲಿಸಬೇಕು. ಒಬ್ಬರೇ ಕಟ್ಟಿದರೆ ಸಾಲದು. ಊರಿನ ಎಲ್ಲ ತೋಟದವರೂ ಒಟ್ಟಾಗಿ ಕಟ್ಟಬೇಕು. ಸೋರೆ, ಹೀರೆ, ಹಾಗಲಕ್ಕೆ ಬರುವ ನೊಣ ಬೇರೆ. ಅದಕ್ಕೆ ಕ್ಯೂಲ್ಯೂರ್ ಎಂಬ ಬೇರೆ ಮದ್ದು ಬೇಕು.

ಎರಡನೆಯದು, ಹೆಣ್ಣಿಗಾಗಿ ಪ್ರೋಟೀನು ಬೆರೆಸಿದ ವಿಷದೂಟ. ಬೆಲ್ಲದ ನೀರು ಹಸಿದ ನೊಣವನ್ನು ಕರೆಯುತ್ತದೆ. ಆದರೆ ಮೊಟ್ಟೆ ಕಟ್ಟಬೇಕಾದ ಹೆಣ್ಣು ಹುಡುಕುವುದು ಪ್ರೋಟೀನನ್ನು. ಅದು ಹಸಿದು ಅಲೆಯುವ ಆ ಒಂದೆರಡು ವಾರದಲ್ಲೇ ಈ ಊಟ ಸಿಗಬೇಕು. ಇಡೀ ಮರಕ್ಕೆ ಹೊಡೆಯಬೇಕಾಗಿಲ್ಲ. ಕಾಂಡದ ಮೇಲೆ, ಕೆಳಗಿನ ಎಲೆಗಳ ಮೇಲೆ ಅಲ್ಲಲ್ಲಿ ಹಾಕಿದರೆ ಸಾಕು. ಯಾವ ಕೀಟನಾಶಕ, ಎಷ್ಟು ಪ್ರಮಾಣ ಎಂಬುದನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಆ ವರ್ಷದ ಶಿಫಾರಸಿನಂತೆ ಬಳಸಿ.

ಮೂರನೆಯದು, ಎಲ್ಲಕ್ಕಿಂತ ಅಗ್ಗದ್ದು ಮತ್ತು ಮುಖ್ಯವಾದದ್ದು: ಉದುರಿದ ಹಣ್ಣನ್ನು ಒಂದು ದಿನ ಬಿಟ್ಟು ಒಂದು ದಿನ ಆರಿಸಿ. ತಿಪ್ಪೆಗೆ ಎಸೆಯಬೇಡಿ. ಎರಡು ಅಡಿಗೂ ಆಳದ ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಿ ತುಳಿಯಿರಿ; ಇಲ್ಲವೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಇಡಿ. ಲೆಕ್ಕ ಹಾಕಿ ನೋಡಿ. ಒಂದು ಹಣ್ಣಿನಿಂದ 50 ನೊಣ ಎದ್ದು ಅದರಲ್ಲಿ ಅರ್ಧ ಹೆಣ್ಣಾದರೆ 25. ಒಂದೊಂದು ಬರೀ ನೂರು ಮೊಟ್ಟೆ ಇಟ್ಟರೂ 2,500. ಪ್ರಯೋಗಶಾಲೆಯಲ್ಲಿ ಒಂದೇ ಹೆಣ್ಣು ಸಾವಿರಕ್ಕೂ ಹೆಚ್ಚು ಇಟ್ಟದ್ದಿದೆ. ಅದೂ ಅಲ್ಲದೆ ಬಿದ್ದು ಹುಳಿ ಬಂದ ಹಣ್ಣು ಹೊಸ ಹೆಣ್ಣಿಗೆ ಪ್ರೋಟೀನಿನ ಊಟ. ಅದನ್ನು ಎತ್ತಿದರೆ ತೊಟ್ಟಿಲನ್ನೂ ತೆಗೆದಂತೆ, ತಟ್ಟೆಯನ್ನೂ ತೆಗೆದಂತೆ.

ನಾಲ್ಕನೆಯದು, ಕೊಯ್ಲು ಮುಗಿದ ಮೇಲೆ ಮರದ ಬುಡವನ್ನು ಹಗುರವಾಗಿ ಅಗೆದು ಕೋಶಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡಿ. ಹಿತ್ತಿಲಿನ ಸೀಬೆ ಹಣ್ಣನ್ನು ಮರದಡಿ ಕೊಳೆಯಲು ಬಿಡಬೇಡಿ. ಮಾವಿಲ್ಲದ ಕಾಲದಲ್ಲಿ ನೊಣವನ್ನು ಸಾಕುವುದು ಅದೇ ಮರ.

ಬಾಂಧವರೇ, ನೊಣದ ಲೆಕ್ಕಾಚಾರ ಸರಳವಾದದ್ದು. ಊಟ ಸಿಕ್ಕರೆ ಹೆರುತ್ತದೆ, ಬೇಗ ಸಾಯುತ್ತದೆ. ಸಿಗದಿದ್ದರೆ ಹೆರುವುದಿಲ್ಲ, ಕಾಯುತ್ತದೆ. ಎರಡೂ ಅದಕ್ಕೆ ಲಾಭವೇ. ನಾವು ಅದರ ಆಯುಷ್ಯವನ್ನು ಅಳೆಯುತ್ತಾ ಕೂರುವುದು ಬೇಡ; ಮೊದಲ ಮೊಟ್ಟೆಗೆ ಮುಂಚಿನ ಆ ಒಂದೆರಡು ವಾರವನ್ನು ಹಿಡಿದರೆ ಸಾಕು. ಈ ಸಲ ಊರಿನವರೆಲ್ಲ ಕೂಡಿ, ಬಿದ್ದ ಹಣ್ಣನ್ನು ಆರಿಸುವ ಕೆಲಸದಿಂದಲೇ ಪ್ರಾರಂಭಿಸಿ. ಮುಂದಿನ ಕೊಯ್ಲಿನಲ್ಲಿ ನಾನು ಮತ್ತೆ ಬರುತ್ತೇನೆ. ಆಗ ನನ್ನ ಕೈಗೆ ಒಂದು ಹಣ್ಣು ಕೊಡಿ, ನಿಮ್ಮ ಮುಂದೆಯೇ ಕೊಯ್ದು ನೋಡುತ್ತೇನೆ.